ತಡವಾಗಿ ಹೊರಟ ಮಗಳು

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮಕ್ಕಳನ್ನು ಪರದೇಶದ ವಿದ್ಯಾಭ್ಯಾಸಕ್ಕೆ ಕಳುಹಿಸಿದ ತಂದೆತಾಯಿಗಳು ಈಗ ಅನೇಕರಿದ್ದಾರೆ. ಕಳುಹಿಸಲು ಸಿದ್ಧರಾಗಿ ಕುಳಿತವರೂ ಇದ್ದಾರೆ. ಅಂಥ ಬಂಧುಗಳೊಡನೆ ನಮ್ಮ ಮನೆಯ ಒಂದು ಸಂಗತಿಯನ್ನು ನಿವೇದಿಸಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಸಂಕೋಚವಿತ್ತು. ಏಕೆಂದರೆ ಈ ಸಂಗತಿಯಲ್ಲಿ ತಪ್ಪು ಮಾಡಿದವನು ನಾನೇ.

ನನ್ನ ಮಗಳು 2020ರ ಜುಲೈ ತಿಂಗಳಲ್ಲಿ ಆಸ್ಟ್ರೇಲಿಯಕ್ಕೆ ಹೊರಡಬೇಕಾಗಿತ್ತು. ಆಕೆ ನಿಜವಾಗಿ ಹೊರಟದ್ದು 2022ರ ಜುಲೈ ತಿಂಗಳಲ್ಲಿ. ಈ ಎರಡು ವರ್ಷಗಳ ತಡಕ್ಕೆ ನಾನು ಕಾರಣನಲ್ಲ. ಆದರೆ ಆ ತಡವನ್ನು ಕಂಡು ಒಳಗೊಳಗೇ ಸಂತೋಷಪಟ್ಟವನು ನಾನು. ಅದನ್ನು ಹೇಳುವ ಮೊದಲು ನಮ್ಮ ಮನೆತನದ ವಿಚಾರವನ್ನು ಸ್ವಲ್ಪ ತಿಳಿಸಬೇಕು.

ನಾವು ಮೂಲತಃ ತುಮಕೂರು ಸೀಮೆಯವರು. ನನ್ನ ಅಜ್ಜ ಹೊಟ್ಟೆಪಾಡಿಗಾಗಿ ಕೋಲಾರದ ಚಿನ್ನದ ಗಣಿಗೆ ಬಂದು ನೆಲೆಸಿದರು. ಆಗ ಗಣಿಗಳು ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದವು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ಹರಿದು 1902ರಲ್ಲಿಯೇ ನಮ್ಮ ಗಣಿಗಳನ್ನು ತಲುಪಿತ್ತು. ಇದನ್ನು ನನ್ನ ತಂದೆಯವರು ಪ್ರತಿಯೊಬ್ಬ ಅತಿಥಿಗೂ ಹೇಳುತ್ತಿದ್ದರು. ಮೈಸೂರು ಸರ್ಕಾರ 1956ರಲ್ಲಿ ಗಣಿಗಳನ್ನು ವಹಿಸಿಕೊಂಡ ಮರುವರ್ಷ ಪೂಜ್ಯ ತಂದೆಯವರು ಗಣಿಯ ಮೋಜಣಿ ಕಚೇರಿಯಲ್ಲಿ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದರು. ಹಿರಿಯರ ಕೈಕೆಳಗೆ ಕಲಿತು ಮೋಜಣಿದಾರರಾದರು. ಚಾಂಪಿಯನ್ ರೀಫ್ ಗಣಿ ನೆಲದಡಿಗೆ 3 ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಅಂಥ ಕಡೆ ಇಳಿದು ದಿಕ್ಕು, ಅಳತೆ ಗುರುತಿಸಿ ಬರುವುದು ಅವರ ಕಾಯಕ. 1996ರಲ್ಲಿ ನಿವೃತ್ತರಾದರು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದೊಳಗೆ ನೀರು ತುಂಬಿಕೊಂಡಿತು. ಮೇಲೆ ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು.

ನಾನು ಬಂಗಾರಪೇಟೆಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ಉಪಾಧ್ಯಾಯನಾಗಿದ್ದೆ. ಗಣಿ ಮುಚ್ಚಿದ ಮೇಲೆ ತಂದೆಯವರನ್ನೂ ಕರೆದುಕೊಂಡು ಬಂಗಾರಪೇಟೆಯಲ್ಲಿಯೇ ಮನೆ ಮಾಡಿದೆವು. ಆದರೂ ಅವರು ವಾರಕ್ಕೊಮ್ಮೆ ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲ, ಊರಿಗಾಂ ದಾಟಿ ಚಾಂಪಿಯನ್ ನಿಲ್ದಾಣದಲ್ಲಿ ಇಳಿದು ಹಳೆಯ ಸ್ನೇಹಿತರನ್ನು ಕಂಡು ಬರುತ್ತಿದ್ದರು. ಜೊತೆಗೆ ಮೊಮ್ಮಗಳು ಹೋಗುತ್ತಿದ್ದಳು. ಗಣಿಯ ಹುಚ್ಚು ಆಕೆಗೆ ಹಿಡಿದದ್ದು ಹಾಗೆ.

ಆಕೆ ಕೆ.ಜಿ.ಎಫ್.ನಲ್ಲಿಯೇ ಗಣಿ ಎಂಜಿನಿಯರಿಂಗ್ ಓದುತ್ತೇನೆಂದಾಗ ನಾನು ಒಪ್ಪಲಿಲ್ಲ. ಹೆಣ್ಣುಮಕ್ಕಳು ಗಣಿಯೊಳಗೆ ಇಳಿಯಕೂಡದೆಂದು 1952ರ ಗಣಿ ಕಾಯಿದೆಯ 46ನೆಯ ಕಲಮು ಹೇಳುತ್ತಿತ್ತು. ಇಳಿಯಲಾಗದ ಬಾವಿಯ ವಿದ್ಯೆ ಏಕೆ ಎಂದು ಕೇಳಿದೆ. ಆಕೆ ಹಟ ಬಿಡಲಿಲ್ಲ. ಓದಿನ ಕೊನೆಯ ವರ್ಷದಲ್ಲಿದ್ದಾಗ, 2019ರ ಜನವರಿ 29ರಂದು, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹೆಣ್ಣುಮಕ್ಕಳು ಹಗಲು ಹೊತ್ತು ಭೂಗರ್ಭಕ್ಕೆ ಇಳಿಯಬಹುದೆಂದು ಕೇಂದ್ರ ಸರ್ಕಾರದ ಆದೇಶ ಬಂದಿತು. ತಂದೆಯವರು ಆ ಸುದ್ದಿ ಬಂದ ಪತ್ರಿಕೆಯ ಹಾಳೆಯನ್ನು ಕತ್ತರಿಸಿ ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ನನಗೆ ಏನೂ ಹೇಳಲಿಲ್ಲ.

ಮಗಳ ಆಸೆ ಒಂದೇ ಆಗಿತ್ತು. ನಮ್ಮ ಗಣಿಗಳಲ್ಲಿ ಅದೆಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡದ್ದು ಶಿಲಾಸ್ಫೋಟ. ಅದಿರನ್ನು ತೆಗೆದ ಮೇಲೆ ಉಳಿದ ಬಂಡೆಯ ಮೇಲೆ ಮೇಲಿನ ಭೂಭಾರವೆಲ್ಲ ಬೀಳುತ್ತದೆ. ಭಾರ ತಡೆಯಲಾರದೆ ಬಂಡೆ ಒಮ್ಮೆಲೇ ಸಿಡಿಯುತ್ತದೆ. ನಾನು ಬಾಲಕನಾಗಿದ್ದಾಗ ರಾತ್ರಿ ಮನೆಯ ಪಾತ್ರೆಗಳು ಅದರಿದರೆ ತಾಯಿಯವರು ಎದ್ದು ಕುಳಿತು, ತಂದೆಯವರು ಬಾಗಿಲಿಗೆ ಬರುವವರೆಗೆ ಮಲಗುತ್ತಿರಲಿಲ್ಲ. ಆ ಬಂಡೆಯ ಸ್ವಭಾವವನ್ನು ಅರಿಯುವ ಶಾಸ್ತ್ರವನ್ನೇ ಓದಬೇಕೆಂಬುದು ಮಗಳ ಬಯಕೆ. ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿಯಲ್ಲಿ ಅದಕ್ಕೆ ಹೆಸರಾದ ಗಣಿ ವಿದ್ಯಾಲಯವಿದೆ. ಅದು ಸ್ಥಾಪನೆಯಾದದ್ದು 1902ರಲ್ಲಿ, ನಮ್ಮ ಗಣಿಗೆ ವಿದ್ಯುತ್ತು ಬಂದ ವರ್ಷದಲ್ಲಿಯೇ. ಕಾಲ್ಗೂರ್ಲಿಯೂ ನಮ್ಮಂತೆಯೇ ಚಿನ್ನದ ಊರು. ಅಲ್ಲಿ ಚಿನ್ನ ಸಿಕ್ಕಿದ್ದು 1893ರಲ್ಲಿ.

2020ರ ಜನವರಿಯಲ್ಲಿ ಪ್ರವೇಶ ದೊರೆಯಿತು. ಫೆಬ್ರವರಿಯಲ್ಲಿ ಬ್ಯಾಂಕಿನ ಸಾಲ ಮಂಜೂರಾಯಿತು. ಮಾರ್ಚ್ ತಿಂಗಳಲ್ಲಿ ಲೋಕವೇ ನಿಂತಿತು. ಮಾರ್ಚ್ 20ರಂದು ಆಸ್ಟ್ರೇಲಿಯ ಪರದೇಶದವರಿಗೆ ಗಡಿ ಮುಚ್ಚಿತು. 23ರಿಂದ ನಮ್ಮ ದೇಶದ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಬಂಗಾರಪೇಟೆಯಿಂದ ನಸುಕಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರ ರೈಲುಗಳೂ ನಿಂತವು. ರೈಲಿನ ಸದ್ದಿಲ್ಲದ ಬಂಗಾರಪೇಟೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇಲ್ಲಿ ನನ್ನ ತಪ್ಪೊಪ್ಪಿಗೆ ಬರುತ್ತದೆ. ಆ ದಿನಗಳಲ್ಲಿ ಒಂದು ಮುಂಜಾನೆ ಇಷ್ಟಲಿಂಗ ಪೂಜೆಗೆ ಕುಳಿತಿದ್ದೆ. ಅಂಗೈಯಲ್ಲಿ ಲಿಂಗವಿತ್ತು, ಮನಸ್ಸಿನಲ್ಲಿ ಮಗಳಿದ್ದಳು. ‘ಹೇಗೋ ನಿಂತಿತು, ಮಗಳು ಮನೆಯಲ್ಲಿಯೇ ಉಳಿದಳು’ ಎಂದು ಸಮಾಧಾನವಾಯಿತು. ಸಮಾಧಾನವಷ್ಟೇ ಅಲ್ಲ, ಕೃತಜ್ಞತೆಯೂ ಮೂಡಿತು. ಊರೂರುಗಳಲ್ಲಿ ಜನ ಸಾಯುತ್ತಿರುವಾಗ, ಪಕ್ಕದ ಕೋಣೆಯಲ್ಲಿ ಮಗಳು ಅಳುತ್ತಿರುವಾಗ, ಆಕೆಯ ಕನಸು ನಿಂತುಹೋದದ್ದಕ್ಕೆ ನಾನು ದೇವರಿಗೆ ವಂದನೆ ಸಲ್ಲಿಸಿದೆ. ಹೊರಗೆ ಬಂದು ಆಕೆಗೆ, ‘ಚಿಂತಿಸಬೇಡ ತಾಯಿ, ಎಲ್ಲ ಸರಿಹೋಗುತ್ತದೆ’ ಎಂದೆ.

ಪ್ರವೇಶವನ್ನು ಮುಂದಿನ ಅವಧಿಗೆ ಹಾಕಿಸಿಕೊಂಡೆವು. ಆ ಅವಧಿ ಬಂದಾಗಲೂ ಗಡಿ ತೆರೆಯಲಿಲ್ಲ. ಮತ್ತೆ ಮುಂದೂಡಿದೆವು. ಶಾಲೆಗಳು ಮುಚ್ಚಿದ್ದುದರಿಂದ ಮಗಳು ನಮ್ಮ ಬೀದಿಯ ಮಕ್ಕಳನ್ನು ಅಂಗಳದಲ್ಲಿ ದೂರ ದೂರ ಕೂರಿಸಿ ಗಣಿತ ಹೇಳಿಕೊಡುತ್ತಿದ್ದಳು. ಮಧ್ಯಾಹ್ನವೆಲ್ಲ ತಾತನ ಬಳಿ ಕುಳಿತು ಅವರು ಹೇಳುವುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಯಾವ ಮಟ್ಟದಲ್ಲಿ ಬಂಡೆ ಮೊದಲು ‘ಮಾತಾಡುತ್ತಿತ್ತು’, ಮರದ ಆಸರೆಗೆ ಬದಲಾಗಿ ಕಣಶಿಲೆಯ ಗೋಡೆಗಳನ್ನು ಕಟ್ಟಿದಾಗ ಏನಾಯಿತು, ಯಾವ ಸದ್ದು ಕೇಳಿದರೆ ಹಿರಿಯ ಕಾರ್ಮಿಕರು ಕೆಲಸ ಬಿಟ್ಟು ಹಿಂದೆ ಸರಿಯುತ್ತಿದ್ದರು, ಇವೆಲ್ಲ ಆ ಪುಸ್ತಕದಲ್ಲಿವೆ.

ಒಂದು ದಿನ ತಂದೆಯವರು ತಮ್ಮ ಪೆಟ್ಟಿಗೆಯಿಂದ ಹಿತ್ತಾಳೆಯ ತೂಗುಗುಂಡನ್ನು ತೆಗೆದು ತೋರಿಸಿದರು. ಗಾರೆಯವರು ಗೋಡೆ ನೇರವಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡನ್ನು ನೀವೆಲ್ಲ ಬಲ್ಲಿರಿ. ಗಣಿಯ ಮೋಜಣಿಯಲ್ಲಿಯೂ ಮೇಲಿನ ದಿಕ್ಕನ್ನು ಕೆಳಗೆ ಒಯ್ಯಲು ಬಾವಿಯೊಳಕ್ಕೆ ಉದ್ದನೆಯ ತಂತಿಗಳನ್ನು ಇಳಿಬಿಟ್ಟು ತುದಿಗೆ ಭಾರವಾದ ಗುಂಡನ್ನು ಕಟ್ಟುತ್ತಾರೆ. ತಂತಿ ಉದ್ದವಾದಷ್ಟೂ ಗುಂಡಿನ ತೂಗಾಟ ನಿಧಾನ. ಅದನ್ನು ಎಣ್ಣೆಯ ಪಾತ್ರೆಯಲ್ಲಿ ಮುಳುಗಿಸಿ, ತೂಗಾಟ ಅಡಗುವವರೆಗೆ ಕಾಯಬೇಕು. ಆತುರಪಟ್ಟು ಅಳತೆ ತೆಗೆದರೆ ಅಲ್ಲಿ ಕೂದಲೆಳೆಯಷ್ಟು ಕಾಣುವ ತಪ್ಪು ದೂರ ಹೋದಂತೆ ಗಜಗಟ್ಟಲೆಯಾಗುತ್ತದೆ. ಎರಡು ಕಡೆಯಿಂದ ಕೊರೆದು ಬಂದ ಸುರಂಗಗಳು ಒಂದನ್ನೊಂದು ಸೇರದೆ ಹೋಗುತ್ತವೆ. ತಂದೆಯವರು ಇದನ್ನು ವಿವರಿಸುವಾಗ ನಾನೂ ಅಲ್ಲಿಯೇ ಇದ್ದೆ. ಪಾಠ ಮೊಮ್ಮಗಳಿಗೆ ಎಂದುಕೊಂಡೆ.

2021ರ ಫೆಬ್ರವರಿಯಲ್ಲಿ ನಮ್ಮ ಬಳಗದವರೊಬ್ಬರು ಒಂದು ಸಂಬಂಧ ತಂದರು. ಒಳ್ಳೆಯ ಮನೆತನ, ಸಂಸ್ಕಾರವಂತ ಹುಡುಗ, ಬೆಂಗಳೂರಿನಲ್ಲಿ ಉದ್ಯೋಗ. ‘ಹೇಗಿದ್ದರೂ ಓದು ನಿಂತಿದೆ, ವಯಸ್ಸು ನಿಲ್ಲುವುದಿಲ್ಲ. ಮದುವೆಯಾದ ಮೇಲೂ ಓದಬಹುದಲ್ಲ’ ಎಂದರು. ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೆ. ಹಾಗೆ ಹೇಳಿ ನಿಲ್ಲಿಸಿದ ಓದು ಎಷ್ಟು ಮನೆಗಳಲ್ಲಿ ಮುಂದುವರಿಯಿತು ಎಂಬುದನ್ನೂ ಬಲ್ಲೆ. ಆದರೂ ಮಗಳನ್ನು ಕೇಳದೆ, ಬರುವ ಭಾನುವಾರ ಬನ್ನಿ ಎಂದು ಒಪ್ಪಿಕೊಂಡೆ. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಮಗಳಿಗೆ ಆ ಮಾತು ಕೇಳಿಸಿತು. ಬಂದವರಿಗೆ ಚಹಾ ತಂದುಕೊಟ್ಟು ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ.

ಅವರು ಹೊರಟ ಮೇಲೆ ತಂದೆಯವರು ನನ್ನನ್ನು ಕರೆದು, ‘ಗುಂಡು ಇನ್ನೂ ತೂಗಾಡುತ್ತಿರುವಾಗ ಅಳತೆ ತೆಗೆಯುತ್ತಿದ್ದೀಯಲ್ಲೋ’ ಎಂದರು. ನಾನು ಕೋಪದಿಂದ, ‘ನಿಮ್ಮಿಂದಲೇ ಆಕೆಗೆ ಈ ಗಣಿಯ ಹುಚ್ಚು ಹಿಡಿದದ್ದು. ನಿಮಗೇನು, ನಾಳೆ ಹೆಚ್ಚುಕಡಿಮೆಯಾದರೆ ಅನುಭವಿಸುವವನು ನಾನು’ ಎಂದುಬಿಟ್ಟೆ. ಎಂಬತ್ತು ದಾಟಿದ ತಂದೆಗೆ ಆಡಬಾರದ ಮಾತು ಅದು. ಅವರು ಸುಮ್ಮನಾದರು. ಭಾನುವಾರದ ಕಾರ್ಯಕ್ರಮವನ್ನು ನಾನು ಹೇಗೋ ತಪ್ಪಿಸಿದೆ, ಆದರೆ ಮನಸ್ಸಿನಿಂದಲ್ಲ. ಅನಂತರ ಹಲವು ವಾರ ತಂದೆಮಕ್ಕಳು ಅಗತ್ಯಕ್ಕಷ್ಟೇ ಮಾತಾಡಿಕೊಂಡೆವು.

ಆ ಮೇ ತಿಂಗಳ ಎರಡನೆಯ ಅಲೆಯಲ್ಲಿ ತಂದೆಯವರು ಜ್ವರ ಹಿಡಿದು ನಾಲ್ಕೇ ದಿನಗಳಲ್ಲಿ ಲಿಂಗೈಕ್ಯರಾದರು. ಕ್ಷಮೆ ಕೇಳುವೆನೆಂದು ದಿನ ಮುಂದೂಡುತ್ತಿದ್ದ ನನಗೆ ಅವಕಾಶ ಸಿಗಲಿಲ್ಲ. ನಾಡೆಲ್ಲ ಮುಚ್ಚಿತ್ತು. ಚಾಂಪಿಯನ್ ರೀಫಿನ ಹಳೆಯ ಸ್ನೇಹಿತರು ಯಾರೂ ಬರಲಾಗಲಿಲ್ಲ. ಎಣಿಸಬಹುದಾದಷ್ಟು ಜನ ನಿಂತು ಸಮಾಧಿ ಕ್ರಿಯೆ ಮುಗಿಸಿದೆವು. ಕೊನೆಯ ಹಿಡಿ ಮಣ್ಣು ಹಾಕಿದವಳು ಮೊಮ್ಮಗಳು. ಜೀವನದ ಅರ್ಧ ಭಾಗವನ್ನು ಭೂಮಿಯೊಳಗೆ ಕಳೆದವರು ಮರಳಿ ಭೂಮಿಯೊಳಗೆ ಹೋದರು.

ಅವರ ಪೆಟ್ಟಿಗೆಯನ್ನು ತೆರೆದಾಗ ಮೇಲ್ಗಡೆಯೇ 2019ರ ಆ ಪತ್ರಿಕೆಯ ತುಂಡು ಇತ್ತು. ತೂಗುಗುಂಡನ್ನು ಅದರ ಮೇಲೆ ಇಟ್ಟಿದ್ದರು. ಚೀಟಿಯಿಲ್ಲ, ಬರಹವಿಲ್ಲ. ಯಾರಿಗೆ ಸೇರಬೇಕೆಂದು ಹೇಳುವ ಅಗತ್ಯವೂ ಇರಲಿಲ್ಲ.

ಅಂದಿನಿಂದ ನಾನು ಆ ಪಯಣದ ಕೆಲಸಕ್ಕೆ ನಿಜವಾಗಿ ಕೈಹಾಕಿದೆ. ಮಂಜೂರಾಗಿದ್ದ ಸಾಲದ ಅವಧಿ ಮುಗಿದಿತ್ತು. ಮತ್ತೆ ಅರ್ಜಿ ಹಾಕಿದೆವು. ರೂಪಾಯಿ ಲೆಕ್ಕದಲ್ಲಿ ಶುಲ್ಕ ಏರಿತ್ತು. ನನ್ನ ನಿವೃತ್ತಿಯ ಹಣದಿಂದ ಒಂದಿಷ್ಟು ತೆಗೆದೆವು. ನಾವು ಹಾಕಿಸಿಕೊಂಡಿದ್ದ ಕೋವಿಶೀಲ್ಡ್ ಲಸಿಕೆಗೆ ಆಸ್ಟ್ರೇಲಿಯ ಮಾನ್ಯತೆ ಕೊಟ್ಟದ್ದು 2021ರ ಅಕ್ಟೋಬರಿನಲ್ಲಿ. ವಿದ್ಯಾರ್ಥಿಗಳಿಗೆ ಆ ದೇಶದ ಗಡಿ ತೆರೆದದ್ದು ಡಿಸೆಂಬರ್ 15ರಂದು. ಆದರೆ ಪಶ್ಚಿಮ ಆಸ್ಟ್ರೇಲಿಯ ರಾಜ್ಯ ತನ್ನ ಗಡಿಯನ್ನು ಪ್ರತ್ಯೇಕವಾಗಿ ಮುಚ್ಚಿಕೊಂಡಿತ್ತು. ಫೆಬ್ರವರಿ 5ರಂದು ತೆರೆಯುತ್ತೇವೆಂದವರು ಮತ್ತೆ ಮುಂದಕ್ಕೆ ಹಾಕಿದರು. ಕೊನೆಗೆ 2022ರ ಮಾರ್ಚ್ 3ರಂದು ತೆರೆಯಿತು. ಮಾರ್ಚ್ 27ರಿಂದ ನಮ್ಮ ದೇಶದ ಅಂತರರಾಷ್ಟ್ರೀಯ ವಿಮಾನಗಳು ಎಂದಿನಂತೆ ಹಾರತೊಡಗಿದವು. ಜುಲೈ ಅವಧಿಗೆ ಪ್ರವೇಶ ಖಚಿತವಾಯಿತು.

ಹೊರಡುವ ಹಿಂದಿನ ಸಂಜೆ ಮಗಳು ತಮ್ಮನೊಡನೆ ಹೋಗಿ ಬಂಗಾರಪೇಟೆಯ ಬಿಳಿ ನೀರಿನ ಪಾನಿಪೂರಿ ತಿಂದು ಬಂದಳು. ಮರುದಿನ ಬೆಳಿಗ್ಗೆ ತಾತನ ಸಮಾಧಿಗೆ ವಿಭೂತಿ, ಪತ್ರೆ ಏರಿಸಿ, ಹಿರಿಯರಿಗೆ ನಮಸ್ಕರಿಸಿ ಹೊರಟೆವು. ಕೋಲಾರ, ವೇಮಗಲ್ ದಾಟಿ ವಿಜಯಪುರದ ಹತ್ತಿರ ಬಂದಾಗ ಮಗಳ ಫೋನಿಗೆ ಸಂದೇಶ ಬಂದಿತು. ವಿಮಾನ ಹನ್ನೊಂದು ಗಂಟೆ ತಡ. ಎರಡು ವರ್ಷ ಕಾದವರಿಗೆ ಇನ್ನೂ ಹನ್ನೊಂದು ಗಂಟೆ! ಮಗಳು ನಕ್ಕಳು. ನನ್ನ ಪತ್ನಿ ಅತ್ತಳು.

ಹಿಂತಿರುಗಿದರೆ ಶಕುನ ಸರಿಯಲ್ಲವೆಂದು ಪತ್ನಿ ಹೇಳಿದಳು. ಇಂಧನ ದಂಡವೆಂದು ಮಗ ಹೇಳಿದ. ಅಂತೂ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೇ ಹೋಗಿ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಬುತ್ತಿ ಬಿಚ್ಚಿ ರೊಟ್ಟಿ, ಚಟ್ನಿಪುಡಿ ತಿಂದೆವು. ಸಂಜೆಯ ಹೊತ್ತಿಗೆ ತಾಯಿ, ತಮ್ಮ ಇಬ್ಬರೂ ಕಾರಿನಲ್ಲಿ ನಿದ್ದೆ ಹೋದರು. ಮಗಳೂ ನಾನೂ ಉಳಿದೆವು.

ವಿಮಾನ ಸರಿಯಾದ ಸಮಯಕ್ಕೆ ಹೊರಟಿದ್ದರೆ ನಾನು ಆ ಮಾತನ್ನು ಎಂದಿಗೂ ಹೇಳುತ್ತಿರಲಿಲ್ಲವೇನೋ. ‘ತಾಯಿ, ನಿನಗೊಂದು ವಿಷಯ ಹೇಳಬೇಕು. ಗಡಿ ಮುಚ್ಚಿದ ದಿನ ನನಗೆ ಸಂತೋಷವಾಗಿತ್ತು. ಪೂಜೆಯಲ್ಲಿ ಕುಳಿತು ಸಂತೋಷಪಟ್ಟೆ. ನಿನ್ನ ತಾತನಿಗೂ ಆಡಬಾರದ್ದನ್ನು ಆಡಿದೆ’ ಎಂದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತಿತ್ತು ಅಪ್ಪ. ಎಲ್ಲ ಸರಿಹೋಗುತ್ತದೆ ಎಂದು ನೀವು ಹೇಳಿದಾಗ ನಿಮ್ಮ ಮುಖದಲ್ಲಿ ಕಾಣುತ್ತಿತ್ತು. ಆಗ ಬಹಳ ಸಿಟ್ಟು ಬಂದಿತ್ತು’ ಎಂದಳು. ಆಮೇಲೆ, ‘ಹೋಗಿದ್ದಿದ್ದರೆ ತಾತನಿಗೆ ಮಣ್ಣು ಹಾಕಲು ಬರಲಾಗುತ್ತಿರಲಿಲ್ಲ. ಆ ಪುಸ್ತಕವೂ ಇರುತ್ತಿರಲಿಲ್ಲ. ಹಾಗೆಂದು ತಡವಾದದ್ದೇ ಒಳ್ಳೆಯದಾಯಿತು ಎಂದು ಮಾತ್ರ ಹೇಳಬೇಡಿ. ಎರಡು ವರ್ಷ ಹೋದದ್ದು ಹೋಯಿತು’ ಎಂದಳು.

ಆ ಕೊನೆಯ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ಹೇಳಿ ಮುಗಿಸುವುದು ಹಿರಿಯರಾದ ನಮಗೆ ಸುಲಭ. ಕಳೆದುಕೊಂಡವರ ಪಾಲಿಗೆ ಆ ಮಾತು ಇನ್ನೊಂದು ಪೆಟ್ಟು. ತಾತನ ಸಿಟ್ಟು ಆರಿತ್ತೇ ಎಂದು ಕೇಳಿದೆ. ‘ನಿಮ್ಮ ಮೇಲೆ ತಾತನಿಗೆ ಸಿಟ್ಟಿರಲಿಲ್ಲ. ನಿಮ್ಮಪ್ಪನ ತೂಗಾಟವೂ ನಿಲ್ಲುತ್ತದೆ, ಕಾಯಬೇಕು ಎನ್ನುತ್ತಿದ್ದರು’ ಎಂದಳು. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಆಚೆ ಹೋದೆ.

ನಡುರಾತ್ರಿ ದಾಟಿದ ಮೇಲೆ ವಿಮಾನ ಹೊರಟಿತು. ಸಿಂಗಪುರದಲ್ಲಿ ಹಿಡಿಯಬೇಕಾದ ವಿಮಾನ ತಪ್ಪಿ, ಅಲ್ಲಿಯ ಕುರ್ಚಿಗಳ ಮೇಲೆ ಹಗಲು ಕಳೆದು, ಒಂದು ದಿನ ತಡವಾಗಿ ಪರ್ತ್ ನಗರ ಮುಟ್ಟಿದಳು. ಅಲ್ಲಿಂದ ಸುಮಾರು 650 ಕಿಲೋಮೀಟರು ರೈಲು ಪ್ರಯಾಣ. ಕಾಲ್ಗೂರ್ಲಿ ತಲುಪಿ ಫೋನು ಮಾಡಿದವಳು ಮೊದಲು ಹೇಳಿದ್ದು ಒಂದು ನೀರಿನ ಕೊಳವೆಯ ಸುದ್ದಿ. ಹಾದಿಯಲ್ಲಿ ಒಂದಷ್ಟು ದೂರ ಅದು ಜೊತೆಗೆ ಬರುತ್ತಿತ್ತಂತೆ. ಅದರ ಚರಿತ್ರೆಯನ್ನು ನಾನು ಆಮೇಲೆ ಓದಿದೆ. ನೀರಿಲ್ಲದ ಆ ಚಿನ್ನದ ಊರಿಗೆ ಓಕಾನರ್ ಎಂಬ ಎಂಜಿನಿಯರರು ಸುಮಾರು 530 ಕಿಲೋಮೀಟರು ದೂರದಿಂದ ಕೊಳವೆಯಲ್ಲಿ ನೀರು ತರುವ ಯೋಜನೆ ಮಾಡಿದರು. 1903ರ ಜನವರಿಯಲ್ಲಿ ನೀರು ಊರು ಮುಟ್ಟಿತು. ಆದರೆ ಓಕಾನರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ನಮ್ಮ ಗಣಿಯ ಊರಿಗೂ ನೀರು ಬೇತಮಂಗಲದ ಕೆರೆಯಿಂದ ಬರುತ್ತಿತ್ತು. ಕೊಡ ಹಿಡಿದು ನಿಂತವರು ಯಾರೂ ಕೊಳವೆ ಹಾಕಿದವರನ್ನು ಕಂಡಿರಲಿಲ್ಲ. ತಾತ ಹಾಕಿದ ಕೊಳವೆಯಲ್ಲಿ ಮೊಮ್ಮಗಳಿಗೆ ನೀರು ಬಂದಿತು ಎಂದುಕೊಂಡೆ.

ಈಗ ಮಗಳು ಓದು ಮುಗಿಸಿ ಆ ಸೀಮೆಯಲ್ಲಿಯೇ ಒಂದು ಗಣಿಯಲ್ಲಿ ಬಂಡೆಯ ಭದ್ರತೆ ನೋಡುವ ಕೆಲಸದಲ್ಲಿದ್ದಾಳೆ. ತಾತನ ಹಿತ್ತಾಳೆಯ ಗುಂಡು ಆಕೆಯ ಮೇಜಿನ ಮೇಲಿದೆ. ಆಕೆ ಪಾಳಿ ಮುಗಿಸಿ ಮೇಲೆ ಬಂದೆನೆಂದು ಸಂದೇಶ ಕಳಿಸುವವರೆಗೆ ನನ್ನ ಪತ್ನಿ ಊಟ ಮಾಡುವುದಿಲ್ಲ. ನನ್ನ ತಾಯಿಯವರು ಬಾಗಿಲು ಕಾಯುತ್ತಿದ್ದರು. ಈಕೆ ಫೋನು ಕಾಯುತ್ತಾಳೆ. ಭಯ ಹೋಗಿಲ್ಲ. ಭಯವನ್ನು ಮಗಳ ಕಾಲಿಗೆ ಕಟ್ಟಬಾರದೆಂದು ಮಾತ್ರ ಕಲಿತಿದ್ದೇವೆ.

ಬಂಧುಗಳೇ, ಮಕ್ಕಳ ಪಯಣಗಳು ತಡವಾಗುವುದುಂಟು. ಬೇನೆ ಬರಬಹುದು, ಗಡಿ ಮುಚ್ಚಬಹುದು, ವೀಸಾ ತಡವಾಗಬಹುದು, ಹಣ ಸಾಲದೆ ಹೋಗಬಹುದು. ಅಂಥ ಹೊತ್ತಿನಲ್ಲಿ ಮನೆಯವರು ಆತುರಪಟ್ಟು ಇನ್ನೊಂದು ನಿಶ್ಚಯ ಮಾಡದಿರಿ. ಸಾಲದ ಅವಧಿ, ಪ್ರವೇಶದ ಅವಧಿ ಮುಗಿಯುವ ಮೊದಲು ವಿಚಾರಿಸಿಕೊಳ್ಳಿ. ಮಗಳ ಮುಂದಿನ ಮಾತನ್ನು ಮಗಳನ್ನು ಕೇಳಿ ಆಡಿ. ಹಿರಿಯರಿಗೆ ಕ್ಷಮೆ ಕೇಳಬೇಕಾಗಿದ್ದರೆ ಇಂದೇ ಕೇಳಿ. ಮಕ್ಕಳ ಪಯಣ ಬೇಕಾದರೆ ತಡವಾಗಲಿ. ನಮ್ಮ ಹರಕೆ ತಡವಾಗದಿರಲಿ.